‘ತಪ್ಪು ಒಪ್ಕೋತೀನಿ ಸ್ವಾಮಿ’ ಅನ್ನುವ ಮೊದಲು ತಿಳಿದಿರಬೇಕಾದದ್ದು

ಯಾವುದೇ ತಾಲೂಕಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಬೆಳಗ್ಗೆ ಹನ್ನೊಂದಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರೆ ಇದು ಕಾಣುತ್ತದೆ. ಹೆಸರು ಕೂಗುತ್ತಾರೆ. ಹುಡುಗನೊಬ್ಬ ಹೋಗಿ ಕಟಕಟೆಯಲ್ಲಿ ಕೈ ಕಟ್ಟಿ ನಿಲ್ಲುತ್ತಾನೆ. "ನಿನ್ನ ಮೇಲೆ ಹೀಗೆ ಆರೋಪ ಇದೆ. ತಪ್ಪು ಒಪ್ಕೋತೀಯಾ, ಕೇಸು ನಡೆಸ್ತೀಯಾ?" "ಒಪ್ಕೋತೀನಿ ಸ್ವಾಮಿ." ಎರಡೇ ನಿಮಿಷ. ದಂಡ ಕಟ್ಟಿ, ರಶೀದಿ ಜೇಬಿಗೆ ಹಾಕಿಕೊಂಡು, ಪೀಡೆ ಕಳೀತು ಅಂತ ಬಸ್ ಹತ್ತುತ್ತಾನೆ. ಆದರೆ ಅವನೀಗ ಶಿಕ್ಷೆಯಾದ ಅಪರಾಧಿ. ಇದನ್ನು ಅವನಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ನನಗೆ ಗೊತ್ತಿರುವ ಒಬ್ಬ ಹುಡುಗ ಜಾತ್ರೆಯಲ್ಲಿ ಆದ ಸಣ್ಣ ಹೊಡೆದಾಟದ ಕೇಸನ್ನು ಹೀಗೇ ಮುಗಿಸಿಕೊಂಡ. ಮುಂದೆ ಸರ್ಕಾರಿ ಕೆಲಸದ ಅರ್ಜಿಯಲ್ಲಿ "ನಿಮಗೆ ಯಾವುದಾದರೂ ಕೇಸಿನಲ್ಲಿ ಶಿಕ್ಷೆಯಾಗಿದೆಯೇ" ಅಂತ ಕೇಳಿದಾಗ, ದಂಡ ಕಟ್ಟಿದ್ದು ಶಿಕ್ಷೆ ಅಂತಲೇ ಅವನಿಗೆ ಹೊಳೆಯಲಿಲ್ಲ. "ಇಲ್ಲ" ಅಂತ ಬರೆದ. ಪೊಲೀಸ್ ವೆರಿಫಿಕೇಷನ್‌ನಲ್ಲಿ ಹಳೆ ಕೇಸು ಹೊರಬಂತು, ಕೆಲಸ ಹೋಯಿತು. ಇಂಥ ಕಡೆ ಕೇಸಿಗಿಂತ ಮುಚ್ಚಿಟ್ಟದ್ದೇ ಜಾಸ್ತಿ ಪೆಟ್ಟು ಕೊಡುತ್ತದೆ. ಈ ಬರಹಕ್ಕೆ ಅವನೇ ಕಾರಣ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಪೊಲೀಸ್ ಸ್ಟೇಷನ್ನಿನಲ್ಲಿ "ನಾನೇ ಮಾಡಿದ್ದು" ಅಂತ ಹೇಳಿದರೆ ಅದನ್ನು ಕೋರ್ಟಿನಲ್ಲಿ ನಿಮ್ಮ ವಿರುದ್ಧ ತಪ್ಪೊಪ್ಪಿಗೆಯಾಗಿ ಬಳಸುವಂತಿಲ್ಲ, ಆ ಹೇಳಿಕೆಯಿಂದ ವಸ್ತುವೇನಾದರೂ ಸಿಕ್ಕಿದರೆ ಅಷ್ಟರಮಟ್ಟಿಗಿನ ಮಾತು ಬೇರೆ. ತನಿಖೆಯ ಹೊತ್ತಿನಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಕೊಡುವ ತಪ್ಪೊಪ್ಪಿಗೆ ಇನ್ನೊಂದು. ಅದು ಸಾಕ್ಷ್ಯ ಆಗುತ್ತದೆ, ಆದರೂ ವಿಚಾರಣೆ ನಡೆಯುತ್ತದೆ. ನಾವಿಲ್ಲಿ ಮಾತಾಡುತ್ತಿರುವುದು ಮೂರನೆಯದು. ಆರೋಪ ಓದಿ ಹೇಳಿದ ಮೇಲೆ ಕಟಕಟೆಯಲ್ಲಿ ನಿಂತು ಒಪ್ಪಿಕೊಳ್ಳುವುದು. ಇಲ್ಲಿ ಸಾಕ್ಷಿ ಇಲ್ಲ, ಪಾಟೀಸವಾಲು ಇಲ್ಲ, ನೇರ ತೀರ್ಪು. ಹೆಲ್ಮೆಟ್ ಇಲ್ಲ ಅಂತ ರಸ್ತೆಯಲ್ಲೇ ಟ್ರಾಫಿಕ್ ಪೊಲೀಸರಿಗೆ ಕಟ್ಟುವ ದಂಡ ಇದರಲ್ಲಿ ಸೇರುವುದಿಲ್ಲ, ಅದರಿಂದ ಯಾರೂ ಅಪರಾಧಿ ಆಗುವುದಿಲ್ಲ. ಕುಡಿದು ಗಾಡಿ ಓಡಿಸಿದ ಕೇಸು ಮಾತ್ರ ಕೋರ್ಟಿಗೇ ಹೋಗುತ್ತದೆ. ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಲೈಸೆನ್ಸಿಗೂ ಕುತ್ತು ಬರಬಹುದು.

ಈಗ ಏನು ಮಾಡಬೇಕು ಅನ್ನುವುದಕ್ಕೆ ಬರೋಣ. ಸಮನ್ಸ್ ಬಂದ ಕೂಡಲೇ ಚಾರ್ಜ್ ಶೀಟಿನ ಪ್ರತಿ ತೆಗೆದುಕೊಳ್ಳಿ. ಅದು ನಿಮಗೆ ಪುಕ್ಕಟೆ ಸಿಗಬೇಕಾದ್ದು. ಯಾವ ಕಲಂ ಹಾಕಿದ್ದಾರೆ, ಅದಕ್ಕೆ ಗರಿಷ್ಠ ಶಿಕ್ಷೆ ಎಷ್ಟು, ಬರೀ ದಂಡವೋ ಜೈಲೂ ಇದೆಯೋ ನೋಡಿ. ಆಮೇಲೆ, ಇದೇ ಮುಖ್ಯ, ಆ ಕಲಂ ರಾಜಿ ಮಾಡಿಕೊಳ್ಳಬಹುದಾದದ್ದಾ ಅಂತ ವಕೀಲರನ್ನು ಕೇಳಿ. ಸಾಧಾರಣ ಹೊಡೆದಾಟ, ಬೈಗುಳ, ಅಡ್ಡಗಟ್ಟಿದ್ದು, ಚೆಕ್ ಬೌನ್ಸ್, ಇಂಥವನ್ನು ದೂರು ಕೊಟ್ಟವರ ಜೊತೆ ರಾಜಿ ಮಾಡಿಕೊಳ್ಳಬಹುದು. ರಾಜಿಯಾದರೆ ಕಾನೂನಿನ ಲೆಕ್ಕದಲ್ಲಿ ಅದು ಖುಲಾಸೆ. ಎದುರಿನವರ ಮನೆಗೆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಮಾತಾಡಿ, ಆಸ್ಪತ್ರೆ ಖರ್ಚು ಕೊಟ್ಟು, ಲೋಕ ಅದಾಲತ್‌ನಲ್ಲಿ ಮುಗಿಸಿಕೊಳ್ಳುವ ದಾರಿ ಇರುವಾಗ ತಪ್ಪು ಒಪ್ಪಿಕೊಂಡು ಶಿಕ್ಷೆ ಹೊತ್ತುಕೊಳ್ಳುವುದು ಯಾಕೆ? ಜಾತ್ರೆಯ ಆ ಹುಡುಗನ ಕೇಸೂ ರಾಜಿಗೆ ಬರುವಂಥದ್ದೇ ಆಗಿತ್ತು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ.

ಅಪಘಾತದ ಕೇಸಾದರೆ ಇನ್ನೊಂದು ಎಚ್ಚರ. ಅಡ್ಡಾದಿಡ್ಡಿ ಓಡಿಸಿದ್ದು ನಿಜ ಅಂತ ಡ್ರೈವರ್ ಇಲ್ಲಿ ಒಪ್ಪಿಕೊಂಡರೆ, ಆ ಕಡೆ ಪರಿಹಾರದ ಕೇಸಿನಲ್ಲಿ ಗಾಯಾಳುವಿನ ವಕೀಲರು ಆ ತೀರ್ಪನ್ನೇ ತಂದು ಹಾಜರುಪಡಿಸುತ್ತಾರೆ. ಗಾಡಿಗೆ ಇನ್ಶೂರೆನ್ಸ್ ಇಲ್ಲದಿದ್ದರೆ ಆ ಹೊರೆ ಬಂದು ಬೀಳುವುದು ಡ್ರೈವರ್ ಮತ್ತು ಗಾಡಿ ಮಾಲೀಕರ ಮೇಲೆ.

ಎಲ್ಲ ನೋಡಿಯೂ ಒಪ್ಪಿಕೊಳ್ಳುವುದೇ ಸರಿ ಅನ್ನಿಸಬಹುದು. ನಿಜವಾಗಿ ತಪ್ಪು ಮಾಡಿದ್ದೀರಿ, ಸಾಕ್ಷ್ಯ ಗಟ್ಟಿಯಾಗಿದೆ, ವರ್ಷಗಟ್ಟಲೆ ತಾರೀಖಿಗೆ ಅಲೆಯಲು ಆಗುವುದಿಲ್ಲ. ಇದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಆರೋಪ ಓದುವಾಗ ಗಮನ ಇಟ್ಟು ಕೇಳಿ. ಗಡಿಬಿಡಿಯಲ್ಲಿ ಓದಿದರೆ "ಅರ್ಥ ಆಗಲಿಲ್ಲ ಸ್ವಾಮಿ, ಇನ್ನೊಂದ್ಸಲ ಹೇಳಿ" ಅಂತ ಕೇಳಿ, ಯಾರೂ ಬೈಯುವುದಿಲ್ಲ. ಸಮನ್ಸ್ ಕೇಸುಗಳಲ್ಲಿ, ಅಂದರೆ ಕಡಿಮೆ ಶಿಕ್ಷೆಯ ಸಣ್ಣ ಕೇಸುಗಳಲ್ಲಿ, ಆರೋಪಿ ಆಡಿದ ಮಾತನ್ನು ಆದಷ್ಟು ಅವನ ಮಾತಿನಲ್ಲೇ ಬರೆದುಕೊಳ್ಳಬೇಕು ಅಂತ ಕಾನೂನೇ ಹೇಳುತ್ತದೆ. ಅದು ಕಡ್ಡಾಯ ಅಂತ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹಾಗಾಗಿ "ಹೊಡೆದದ್ದು ಹೌದು, ಆದರೆ ಅವನೇ ಮೊದಲು ಮಚ್ಚು ತಂದ" ಅನ್ನುವುದಾದರೆ ಪೂರ್ತಿ ಹೇಳಿ. ಅದು ತಪ್ಪೊಪ್ಪಿಗೆ ಅಲ್ಲ, ಅದು ನಿಮ್ಮ ವಾದ. ಕೇಸು ನಡೆಯಬೇಕು. ನೀವು ಒಪ್ಪಿದರೂ ನ್ಯಾಯಾಧೀಶರು ಒಪ್ಪಲೇಬೇಕು ಅಂತಿಲ್ಲ. ಯಾರೋ ಹೆದರಿಸಿದ್ದಾರೆ ಅಥವಾ ನಿಮಗೆ ವಿಷಯ ಅರ್ಥವಾಗಿಲ್ಲ ಅನ್ನಿಸಿದರೆ ವಿಚಾರಣೆಗೆ ಹಾಕುತ್ತಾರೆ. ಕೊಲೆಯಂಥ ಗಂಭೀರ ಕೇಸಿನಲ್ಲಂತೂ ಸುಮ್ನೆ ಒಪ್ಪಿಗೆ ಕೇಳಿ ಶಿಕ್ಷೆ ಕೊಡುವುದು ಅಪರೂಪ.

ಒಪ್ಪಿಕೊಂಡರೆ ಶಿಕ್ಷೆ ಕಡಿಮೆ ಆಗುತ್ತದಾ? ಇಂಗ್ಲೆಂಡಿನಲ್ಲಿ ಇದಕ್ಕೆ ಲೆಕ್ಕವೇ ಇದೆ. ಶುರುವಿನಲ್ಲೇ ಒಪ್ಪಿಕೊಂಡರೆ ಮೂರನೇ ಒಂದು ಭಾಗ ಕಡಿತ, ವಿಚಾರಣೆಯ ದಿನ ಒಪ್ಪಿಕೊಂಡರೆ ಹತ್ತನೇ ಒಂದು. ನಮ್ಮಲ್ಲಿ ಹಾಗೆ ನಿಗದಿ ಇಲ್ಲ. ಎಲ್ಲ ನ್ಯಾಯಾಧೀಶರ ವಿವೇಚನೆ. "ಒಪ್ಕೊಂಡ್ಬಿಡು, ದಂಡ ಹಾಕಿ ಬಿಡ್ತಾರೆ" ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ, ಆ ಭರವಸೆ ಕೊಡುವ ಅಧಿಕಾರ ಅವರಿಗಿಲ್ಲ. ಈ ವಿಚಾರದಲ್ಲಿ ನಮ್ಮ ರಾಜ್ಯದಿಂದಲೇ ಹೋದ ಒಂದು ಕೇಸಿದೆ, 1983ರ ತಿಪ್ಪೇಸ್ವಾಮಿ ಕೇಸು. ಹಗುರವಾಗಿ ಬಿಡುತ್ತೇವೆ ಅಂತ ಆಸೆ ತೋರಿಸಿ ತಪ್ಪು ಒಪ್ಪಿಸಿ, ಆಮೇಲೆ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸಿದರೆ ಅದು ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಲೆಕ್ಕ ಹಾಕಿ ಶಿಕ್ಷೆ ಇಳಿಸುವ ದಾರಿ ಒಂದಿದೆ, ಅದೇ ಪ್ಲೀ ಬಾರ್ಗೇನಿಂಗ್, ಅಂದರೆ ತಪ್ಪು ಒಪ್ಪಿಕೊಂಡು, ಪರಿಹಾರ ಮಾತಾಡಿ, ಕಡಿಮೆ ಶಿಕ್ಷೆ ಪಡೆಯುವುದು. 2006ರಿಂದ ಜಾರಿಯಲ್ಲಿದ್ದರೂ ಬಳಸುವವರು ಕಡಿಮೆ. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದಕ್ಕೆ ಗಡುವು ಇಟ್ಟಿದ್ದಾರೆ. ಆರೋಪ ಹೊರಿಸಿದ 30 ದಿನದೊಳಗೆ ಅರ್ಜಿ ಹಾಕಬೇಕು. ನ್ಯಾಯಾಧೀಶರು ನಿಮ್ಮೊಬ್ಬರನ್ನೇ ಕೂರಿಸಿಕೊಂಡು, ಸ್ವಂತ ಇಷ್ಟದಿಂದಲೇ ಅರ್ಜಿ ಹಾಕಿದ್ದೀರಾ ಅಂತ ಕೇಳುತ್ತಾರೆ. ಆಮೇಲೆ ಸರ್ಕಾರಿ ವಕೀಲರು, ದೂರುದಾರರು, ನೀವು ಕೂತು ಪರಿಹಾರ ಮಾತಾಡಲು 60 ದಿನದವರೆಗೆ ಸಮಯ. ಮಾತು ಕುದುರಿದರೆ, ಆ ಅಪರಾಧಕ್ಕಿರುವ ಶಿಕ್ಷೆಯ ಕಾಲು ಭಾಗ, ಮೊದಲ ಸಲ ತಪ್ಪು ಮಾಡಿದವರಿಗೆ ಆರನೇ ಒಂದು ಭಾಗ ಕೊಡಬಹುದು. ಕನಿಷ್ಠ ಶಿಕ್ಷೆ ನಿಗದಿಯಾಗಿದ್ದರೆ ಅದರ ಅರ್ಧ, ಮೊದಲ ಸಲದವರಿಗೆ ಕಾಲು. ಸಾಮಾನ್ಯ ಕಳ್ಳತನಕ್ಕೆ ಮೂರು ವರ್ಷದವರೆಗೆ ಜೈಲು ಅಲ್ವಾ, ಮೊದಲ ಸಲದವನಿಗೆ ಅದು ಆರು ತಿಂಗಳಿಗೆ ಇಳಿಯುತ್ತದೆ. ಮಾತು ಮುರಿದುಬಿದ್ದರೆ ಕೇಸು ನಿಂತಲ್ಲಿಂದ ಮುಂದುವರಿಯುತ್ತದೆ. ಅರ್ಜಿಯಲ್ಲಿ ಹೇಳಿದ್ದನ್ನು ನಿಮ್ಮ ಮೇಲೆ ತಿರುಗಿಸುವಂತಿಲ್ಲ. ಏಳು ವರ್ಷಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧ, ಹೆಣ್ಣುಮಕ್ಕಳ ಮೇಲಿನ ಅಪರಾಧ, ಮಕ್ಕಳ ಮೇಲಿನ ಅಪರಾಧಗಳಿಗೆ ಈ ದಾರಿ ಇಲ್ಲ.

ಜೈಲಿನಲ್ಲಿರುವವರ ಸಂಕಟ ಬೇರೆ. ಜಾಮೀನಿಗೆ ಶೂರಿಟಿ ಸಿಗದೆ ತಿಂಗಳುಗಟ್ಟಲೆ ಕೂತವನು, ಮಾಡದ ತಪ್ಪನ್ನೂ ಒಪ್ಪಿಕೊಂಡು ಮನೆಗೆ ಹೋಗೋಣ ಅನ್ನುತ್ತಾನೆ, ಯಾಕೆಂದರೆ ಆಗಲೇ ಒಳಗಿದ್ದ ದಿನಗಳನ್ನು ಜೈಲು ಶಿಕ್ಷೆಯ ಲೆಕ್ಕದಿಂದ ವಜಾ ಮಾಡುತ್ತಾರೆ. ನಿಮ್ಮವರು ಯಾರಾದರೂ ಹಾಗಿದ್ದರೆ, ದಯವಿಟ್ಟು ಒಪ್ಪಿಸುವ ಮೊದಲು ಇದನ್ನು ಕೇಳಿ. ಹಿಂದೆ ಶಿಕ್ಷೆಯಾಗಿಲ್ಲದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆ ಕೇಳಬಹುದು. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ, ಬೇರೆ ಕೇಸುಗಳೂ ಬಾಕಿ ಇರುವವರಿಗೆ ಇದು ಅನ್ವಯಿಸುವುದಿಲ್ಲ. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದವರು ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಒಪ್ಪಿಕೊಂಡ ಮೇಲೆ ಹಿಂದಕ್ಕೆ ಹೋಗುವುದು ಬಲು ಕಷ್ಟ. "ನಾನು ತಪ್ಪೇ ಮಾಡಿಲ್ಲ" ಅಂತ ಮೇಲ್ಮನವಿ ಹಾಕಲು ಆಗುವುದಿಲ್ಲ. ಶಿಕ್ಷೆ ಜಾಸ್ತಿ ಆಯಿತು ಅಥವಾ ಕಾನೂನಿಗೆ ಸರಿಯಿಲ್ಲ ಅಂತ ಮಾತ್ರ ಹಾಕಬಹುದು. ಅದಕ್ಕೇ ಶಿಕ್ಷೆ ಹೇಳುವ ಮೊದಲು ಬಾಯಿ ಬಿಡಿ. ವಯಸ್ಸು, ಮನೆಯಲ್ಲಿ ದುಡಿಯುವವರು ಎಷ್ಟು ಜನ, ಇದೇ ಮೊದಲ ಕೇಸು, ನಷ್ಟ ತುಂಬಿಕೊಟ್ಟಿದ್ದೀರಿ, ಎಲ್ಲ ಹೇಳಿ, ಕಾಗದ ಇದ್ದರೆ ತೋರಿಸಿ. 1958ರ ಪರಿವೀಕ್ಷಣಾ ಕಾಯ್ದೆಯಡಿ ಒಳ್ಳೆ ನಡತೆಯ ಬಾಂಡ್ ಬರೆಸಿಕೊಂಡು ಬಿಡಿ ಅಂತ ವಕೀಲರಿಂದ ಕೇಳಿಸಿ. ಜನ ಪ್ರೊಬೇಷನ್ ಅನ್ನುವುದು ಇದನ್ನೇ. 21ರೊಳಗಿನವರಿಗೆ ಇದನ್ನು ವಿಶೇಷವಾಗಿ ಪರಿಗಣಿಸಬೇಕು. ಈ ಕಾಯ್ದೆಯಡಿ ಬಿಟ್ಟವರಿಗೆ, ಶಿಕ್ಷೆಯಾದದ್ದರಿಂದ ಬರುವ ಅನರ್ಹತೆ ಅಂಟುವುದಿಲ್ಲ ಅಂತ ಅದರ 12ನೇ ಕಲಂ ಹೇಳುತ್ತದೆ.

ದಂಡ ಹಾಕಿದರೆ, ಕೈಯಲ್ಲಿ ದುಡ್ಡಿಲ್ಲದಿದ್ದರೆ ಗಾಬರಿ ಬೇಡ, ಸಮಯ ಅಥವಾ ಕಂತು ಕೇಳಿ. ರಶೀದಿ ಇಟ್ಟುಕೊಳ್ಳಿ. ಪೊಲೀಸರು ಹಿಡಿದ ಲೈಸೆನ್ಸು, ಆರ್‌ಸಿ, ಗಾಡಿ ವಾಪಸ್ ಕೊಡಲು ಆದೇಶದಲ್ಲಿ ಬರೆದಿದ್ದಾರಾ ನೋಡಿ. ತೀರ್ಪಿನ ದೃಢೀಕೃತ ನಕಲಿಗೆ ಅವತ್ತೇ ಅರ್ಜಿ ಕೊಡಿ. ಮುಂದೆ ಕೆಲಸದ ಅರ್ಜಿಯಲ್ಲಿ ಆ ಪ್ರಶ್ನೆ ಬಂದಾಗ "ಹೌದು" ಅಂತ ಬರೆದು, ಆ ನಕಲನ್ನೇ ಜೊತೆಗೆ ಲಗತ್ತಿಸಿ.