ಎಲೆ ಅಡಿಕೆ ತಟ್ಟೆಯ ಸುಣ್ಣದಲ್ಲಿ ನಿಮ್ಮ ಉಸಿರು ನೋಡಿ

ನಾವು ಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಉಂಟು ಅಂತ ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದವರೇ. ಕಣ್ಣಾರೆ ನೋಡಿದವರು ಕಮ್ಮಿ. ಅದಕ್ಕೆ ಲ್ಯಾಬು ಗೀಬು ಬೇಡ, ಅಜ್ಜಿಯ ಎಲೆ ಅಡಿಕೆ ತಟ್ಟೆಯ ಸುಣ್ಣ ಸಾಕು. ಬೀಡಾ ಅಂಗಡಿಯಲ್ಲೂ ಸಿಗುತ್ತದೆ. (ಅಡಿಕೆ ಬಿಟ್ಟುಬಿಡಿ, ಅದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಅಂತ ಗೊತ್ತಲ್ವಾ.)

ಒಂದು ಗಾಜಿನ ಬಾಟಲಿ ತುಂಬ ಕುದಿಸಿ ಆರಿಸಿದ ನೀರು ತಗೊಳ್ಳಿ, ಅರ್ಧ ಚಮಚ ಸುಣ್ಣ ಹಾಕಿ ಕುಲುಕಿ, ಮುಚ್ಚಳ ಬಿಗಿದು ರಾತ್ರಿಯಿಡೀ ಮುಟ್ಟದೆ ಇಡಿ. ಒಂದು ಲೀಟರ್ ನೀರಿನಲ್ಲಿ ಸುಣ್ಣ ಕರಗುವುದು ಎರಡು ಗ್ರಾಂಗಿಂತ ಕಮ್ಮಿಯೇ, ಬಿಸಿ ನೀರಾದರೆ ಇನ್ನೂ ಕಮ್ಮಿ. ಹಾಗಾಗಿ ಜಾಸ್ತಿ ಹಾಕಿ ಪ್ರಯೋಜನ ಇಲ್ಲ. ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಎರಡು ಗ್ಲಾಸಿಗೆ ಮೆಲ್ಲ ಬಗ್ಗಿಸಿ. ನಾನು ಮೊದಲ ಸಲ ಅವಸರದಲ್ಲಿ ತಳ ಕಲಕಿಬಿಟ್ಟೆ, ಊದುವ ಮೊದಲೇ ನೀರು ಮಜ್ಜಿಗೆಯಂತಾಗಿತ್ತು, ಎದುರು ಕೂತಿದ್ದ ತಂಗಿಯ ಮಗಳು "ಮಾಮ, ನೀವಿನ್ನೂ ಊದಲೇ ಇಲ್ಲ" ಅಂದಳು.

ಈಗ ಒಂದು ಗ್ಲಾಸಿಗೆ ಬೊಂಡ ಕುಡಿಯುವ ಸ್ಟ್ರಾ ಇಳಿಸಿ ನಿಧಾನ ಊದಿ. ಎಳೆಯಬೇಡಿ, ಊದಿ ಮಾತ್ರ. ಸುಣ್ಣದ ನೀರು ತೀರಾ ಕ್ಷಾರ, ಕಣ್ಣಿಗೆ ಸಿಡಿದರೆ ತುಂಬಾ ಹೊತ್ತು ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಲೇಬೇಕು, ಅದಕ್ಕೆ ಮಕ್ಕಳಿಗೆ ಕನ್ನಡಕ ಹಾಕಿಸಿ, ಪಕ್ಕದಲ್ಲೇ ಇರಿ. ಸ್ವಲ್ಪ ಹೊತ್ತಿಗೆ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಗ್ಲಾಸನ್ನು ಊದದೆ ಸುಮ್ನೆ ತೆರೆದಿಡಿ. ಅದರ ಮೇಲೆ ತೆಳ್ಳಗೆ ಕೆನೆ ಕಟ್ಟಲಿಕ್ಕೇ ಎಷ್ಟೋ ಹೊತ್ತು ಬೇಕು. ಹೊರಗಿನ ಗಾಳಿಯಲ್ಲಿ ಈ ಅನಿಲ ಶೇಕಡಾ 0.04ರಷ್ಟು, ನಿಮ್ಮ ಉಸಿರಿನಲ್ಲಿ ಸುಮಾರು 4, ಅಂದರೆ ನೂರು ಪಟ್ಟು. ಊಟ ಮಾಡಿದ ಕುಚ್ಚಲಕ್ಕಿ ಅನ್ನ ಮೈಯೊಳಗೆ ಕರಗಿ, ಅದರ ಕಾರ್ಬನ್ ಹೀಗೆ ಹೊರಗೆ ಬರುತ್ತಾ ಇರುವುದು.

ಆ ಬಿಳಿ ಏನು ಗೊತ್ತುಂಟಾ? ಮರುವಾಯಿ ಚಿಪ್ಪು (ಕಪ್ಪೆಚಿಪ್ಪು) ಯಾವುದರಿಂದ ಆಗಿದೆಯೋ ಅದೇ, ಕ್ಯಾಲ್ಸಿಯಂ ಕಾರ್ಬೋನೇಟ್. ನಮ್ಮ ಕರಾವಳಿಯಲ್ಲಿ ಹಿಂದೆ ಚಿಪ್ಪು ಸುಟ್ಟೇ ಸುಣ್ಣ ಮಾಡುತ್ತಿದ್ದರು. ಸುಡುವಾಗ ಚಿಪ್ಪಿನಿಂದ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಊದುವಾಗ ನೀವದನ್ನು ವಾಪಸ್ ಕೊಡುತ್ತೀರಿ. ಸುಣ್ಣ ಪುನಃ ಚಿಪ್ಪಾಯಿತು, ಪುಡಿ ರೂಪದಲ್ಲಿ ಅಷ್ಟೆ.

ಇನ್ನೂ ಊದುತ್ತಲೇ ಇದ್ದರೆ ಹಾಲು ಬಣ್ಣ ಮೆಲ್ಲ ತಿಳಿಯಾಗತೊಡಗುತ್ತದೆ. ದವಡೆ ನೋಯುತ್ತದೆ ಮಾರಾಯ್ರೆ! ಸುಣ್ಣದ ತಿಳಿಗೆ ಮೂರು ಪಾಲು ನೀರು ಬೆರೆಸಿ ಶುರು ಮಾಡಿದರೆ ಸುಲಭ. ಅನಿಲ ಜಾಸ್ತಿಯಾಗಿ ನೀರು ಕೊಂಚ ಹುಳಿಯಾಗುತ್ತದೆ, ಬಿಳಿ ಪುಡಿ ಅದರಲ್ಲಿ ಕರಗುತ್ತದೆ. ಮಲ್ಪೆಯ ಕಡಲನ್ನು ಈಗ ನೆನಪಿಸಿಕೊಳ್ಳಿ, ನಾವು ಗಾಳಿಗೆ ಬಿಡುವ ಇದೇ ಅನಿಲ ಅದರಲ್ಲೂ ಕರಗುತ್ತದೆ. ಕೈಗಾರಿಕೆ ಶುರುವಾದಂದಿನಿಂದ ಸಮುದ್ರದ ಮೇಲ್ನೀರಿನ ಪಿಎಚ್ (ಹುಳಿ ಅಳೆಯುವ ಅಂಕೆ, 7ಕ್ಕಿಂತ ಕೆಳಗಿದ್ದರೆ ಹುಳಿ) ಸರಾಸರಿ 8.2ರಿಂದ 8.1ಕ್ಕೆ ಇಳಿದಿದೆ. ಕಡಲು ಹುಳಿಯಾಗಿಬಿಟ್ಟಿದೆ ಅಂತಲ್ಲ, 7ಕ್ಕಿಂತ ಮೇಲೇ ಉಂಟು. ಆದರೆ ಪಿಎಚ್ ಲೆಕ್ಕದಲ್ಲಿ 0.1 ಅಂದರೆ ಹುಳಿಯ ಅಂಶ ಕಾಲು ಭಾಗದಷ್ಟು ಹೆಚ್ಚಿದ ಹಾಗೆ, ಚಿಪ್ಪು ಕಟ್ಟುವ ಜೀವಿಗಳಿಗೆ ಅಷ್ಟಕ್ಕೇ ಕಷ್ಟ.

ಉಳಿದ ತಿಳಿಗೆ ಚಿಟಿಕೆ ಅರಿಶಿನ ಹಾಕಿ, ಓಕುಳಿಯಂತೆ ಕೆಂಪಾಗುತ್ತದೆ. ನಿಂಬೆ ಹಿಂಡಿದರೆ ಪುನಃ ಹಳದಿ.

ಗ್ಲಾಸಿಗೆ ಹಿಡಿದ ಬಿಳಿ ಕಲೆ ಸೋಪಿಗೆ ಬಗ್ಗುವುದಿಲ್ಲ. ಹಿಂಡಿದ ನಿಂಬೆ ಸಿಪ್ಪೆಯಿಂದ ಉಜ್ಜಿ, ಕಿವಿ ಹತ್ತಿರ ಹಿಡಿಯಿರಿ. ಸಣ್ಣಗೆ ಚುರ್ ಅನ್ನುತ್ತದೆ. ಹೊರಗೆ ಬರುತ್ತಿರುವುದು ಆಗ ನೀವು ಊದಿದ್ದ ಉಸಿರೇ.