ಗುಳ್ಳೆ ನಡುವೆ ನಿಂತರೆ ಮಾತ್ರ ‘ರೆಡಿ’

ಸೇನೆಯಿಂದ ರಜೆಗೆ ಊರಿಗೆ ಬಂದಾಗಲೆಲ್ಲ ಅರಳಿಕಟ್ಟೆ ಮೇಲೆ ಕೂತವರದು ಒಂದೇ ಪ್ರಶ್ನೆ: “ಗುಂಡು ಹೊಡೆದಾಗ ಎದುರಿಗೆ ಏನು ಕಾಣಿಸುತ್ತಪ್ಪ?” ಏನೂ ಕಾಣಿಸುವುದಿಲ್ಲ ಅಂದರೆ ಯಾರೂ ನಂಬುತ್ತಿರಲಿಲ್ಲ. ನಮ್ಮ 105 ಎಂಎಂ ಇಂಡಿಯನ್ ಫೀಲ್ಡ್ ಗನ್ 17 ಕಿಲೋಮೀಟರ್ ದೂರಕ್ಕೆ ಹೊಡೆಯುತ್ತದೆ. ಗುರಿ ಗುಡ್ಡದ ಆಚೆ ಎಲ್ಲೋ ಇರುತ್ತದೆ. ನಾನು ಆ ತೋಪಿನ ಲೇಯರ್. ಬ್ಯಾರೆಲ್‌ನ ಎಡಗಡೆ ಕೂತು, ಡಯಲ್ ಸೈಟ್‌ಗೆ ಕಣ್ಣಿಟ್ಟು, ಕೊಟ್ಟ ಅಂಕಿಗೆ ತೋಪನ್ನು ತಿರುಗಿಸಿ ನಿಲ್ಲಿಸುವವನು. ನನ್ನ ಕಣ್ಣ ಮುಂದೆ ಇರುತ್ತಿದ್ದದ್ದು ಒಂದು ಮಸೂರ, ಎರಡು ಕೋಲು, ಮಟ್ಟ ತೋರಿಸುವ ಗಾಜಿನ ಕೊಳವೆಯೊಳಗಿನ ಒಂದು ಗುಳ್ಳೆ, ಅಷ್ಟೇ. ಆ ಕೆಲಸದ ಮೇಲೆ ನನಗೆ ಹುಟ್ಟಿದ ಪ್ರೀತಿ ಇವತ್ತಿಗೂ ಹಾಗೇ ಇದೆ.

ತರಬೇತಿ ಆದದ್ದು ನಾಸಿಕ್ ರೋಡ್‌ನ ಆರ್ಟಿಲರಿ ಸೆಂಟರ್‌ನಲ್ಲಿ. ತಿಂಗಳುಗಟ್ಟಲೆ ಗುಂಡಿಲ್ಲದ ಡ್ರಿಲ್. ಉಸ್ತಾದರು ಅಂಕಿ ಕೂಗುವುದು, ನಾವು ಹಾಕುವುದು, ಅವರು ಬಂದು ನೋಡಿ ಕೆಡಿಸುವುದು, ಮತ್ತೆ ಮೊದಲಿಂದ. ತೋಪಿನವರ ಲೆಕ್ಕ ಡಿಗ್ರಿಯಲ್ಲಿ ಅಲ್ಲ, ಮಿಲ್‌ನಲ್ಲಿ. ಪೂರ್ತಿ ಒಂದು ಸುತ್ತು ಅಂದರೆ 6400 ಮಿಲ್. ಒಂದು ಮಿಲ್ ತಪ್ಪಿದರೆ ಒಂದು ಕಿಲೋಮೀಟರ್ ದೂರದಲ್ಲಿ ಒಂದು ಮೀಟರ್ ತಪ್ಪುತ್ತದೆ, ಹತ್ತು ಕಿಲೋಮೀಟರ್‌ಗೆ ಹತ್ತು ಮೀಟರ್. ಇದು ನನಗೆ ಬೇಗ ತಲೆಗೆ ಹತ್ತಿತು. ನಮ್ಮಪ್ಪ ರಾಗಿ ಬಿತ್ತುವಾಗ ಕೂರಿಗೆ ಹಿಡಿದು ಹೊಲದ ಆ ತುದಿಯ ಮರದ ಮೇಲೆ ಕಣ್ಣಿಟ್ಟೇ ನಡೆಯುತ್ತಿದ್ದರು. ಶುರುವಿನಲ್ಲಿ ಎರಡು ಬೆರಳು ಓರೆಯಾದರೆ ಬದು ಸೇರುವಷ್ಟರಲ್ಲಿ ಸಾಲು ಎಲ್ಲಿಗೋ ಹೋಗಿರುತ್ತದೆ ಅಂತ ಬೈಯುತ್ತಿದ್ದರು.

ಗುಂಡಿಲ್ಲದ ಡ್ರಿಲ್‌ನಲ್ಲಿ ನಾನು ನಮ್ಮ ತಂಡದಲ್ಲೇ ಚುರುಕು. ದೇವಳಾಲಿಯ ರೇಂಜ್‌ನಲ್ಲಿ ಮೊದಲ ಸಲ ನಿಜವಾದ ಗುಂಡು ಹಾರಿಸಿದ ದಿನ ಆ ಚುರುಕು ಕೈಕೊಟ್ಟಿತು. ಸದ್ದಿಗೆ ಮನಸ್ಸು ತಯಾರಿತ್ತು, ಎದೆಗೆ ಬಂದು ಗುದ್ದುವ ಗಾಳಿಗೆ ಇರಲಿಲ್ಲ. ತೋಪು ಹಿಂದಕ್ಕೆ ಒದ್ದು ಮುಂದಕ್ಕೆ ಬಂತು, ಧೂಳೆದ್ದಿತು, ಸುಟ್ಟ ಮದ್ದಿನ ವಾಸನೆ ಮೂಗಿಗೆ ಹತ್ತಿತು. ಎರಡನೇ ಗುಂಡಿಗೆ ನಾನು ಅದೇ ವೇಗದಲ್ಲಿ “ರೆಡಿ” ಅಂದುಬಿಟ್ಟೆ. ನಂಬರ್ ವನ್, ಅಂದರೆ ತೋಪಿನ ಮುಖ್ಯಸ್ಥ ಹವಾಲ್ದಾರರು, ಬಗ್ಗಿ ನೋಡಿ “ರುಕೋ” ಅಂದರು. ಗುಳ್ಳೆ ನಡುವೆ ಇರಲಿಲ್ಲ. ಮೂರು ಮಿಲ್ ತಪ್ಪಿದ್ದಿರಬಹುದು. ಗುಂಡು ಹತ್ತಾರು ಮೀಟರ್ ಆಚೆಗೆ ಬೀಳುವುದಕ್ಕೆ ಅಷ್ಟು ಸಾಕು. ಅವರು ಬೈಯಲಿಲ್ಲ. “ತೋಪು ಹಾರಿದ ಮೇಲೆ ಅದು ಹಳೇ ತೋಪಲ್ಲ, ಹೊಸದು ಅಂದುಕೋ” ಅಂದರು.

ಆ ಮಾತಿನ ಅರ್ಥ ಹೀಗೆ. ಮೊದಲ ಎರಡು ಮೂರು ಗುಂಡಿಗೆ ತೋಪು ನೆಲಕ್ಕೆ ಕೂರುತ್ತದೆ. ಒಂದು ಕಡೆ ಮಣ್ಣು ಮೆತ್ತಗಿದ್ದರೆ ಆ ಕಡೆ ವಾಲುತ್ತದೆ, ಅಂಗುಲದಷ್ಟು ಜಾರುತ್ತದೆ. ಗುಂಡಿಲ್ಲದ ಡ್ರಿಲ್‌ನಲ್ಲಿ ಇದು ಆಗುವುದೇ ಇಲ್ಲ, ಆದ್ದರಿಂದ ವರ್ಷವಿಡೀ ಮಾಡಿದರೂ ಕಲಿಯುವುದಕ್ಕಾಗುವುದಿಲ್ಲ. ಲೇಯರ್ ದಿಕ್ಕು ಹಿಡಿಯುವುದು ನೆಲದಲ್ಲಿ ನೆಟ್ಟ ಎರಡು ಏಮಿಂಗ್ ಪೋಸ್ಟ್‌ಗಳಿಂದ, ಅಂದರೆ ಗುರುತಿನ ಕೋಲುಗಳಿಂದ. ದೂರದ್ದು ಎಷ್ಟು ದೂರವೋ ಹತ್ತಿರದ್ದು ಅದರ ಅರ್ಧಕ್ಕೆ. ತೋಪು ಜರುಗದಿದ್ದರೆ ಎರಡೂ ಒಂದರ ಹಿಂದೆ ಒಂದು ಒಂದೇ ಕೋಲಿನ ಹಾಗೆ ಕಾಣುತ್ತವೆ. ಜರುಗಿದರೆ ಬಿಡಿಯಾಗುತ್ತವೆ. ಆಗ ಮಸೂರದೊಳಗಿನ ನಿಲುಗೆರೆಗೂ ಹತ್ತಿರದ ಕೋಲಿಗೂ ಸರಿಯಾಗಿ ಮಧ್ಯದಲ್ಲಿ ದೂರದ ಕೋಲು ಕಾಣುವಂತೆ ತಿರುಗಿಸಿಕೊಂಡರೆ ದಿಕ್ಕು ಮತ್ತೆ ಸರಿಹೋಗುತ್ತದೆ. ಬರೀ ತ್ರಿಕೋನದ ಲೆಕ್ಕ. ಎಸ್ಸೆಸ್ಸೆಲ್ಸಿಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಸಮರೂಪ ತ್ರಿಕೋನಗಳು ಧೂಳಿನ ನಡುವೆ ಕಣ್ಣೆದುರು ನಿಂತಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಅವತ್ತು ರಾತ್ರಿ ಲಂಗರ್‌ನಲ್ಲಿ ರೊಟ್ಟಿ ಮುಂದಿಟ್ಟುಕೊಂಡು ಪಕ್ಕದವನಿಗೆ ಅದನ್ನೇ ವಿವರಿಸುತ್ತ ಕೂತಿದ್ದೆ.

ರೆಜಿಮೆಂಟ್ ಸೇರಿದ ಮೇಲೆ ರಾಜಸ್ಥಾನದ ಮಹಾಜನ್ ರೇಂಜ್. ಅಲ್ಲಿ ಕಲಿತದ್ದು ಮದ್ದುಗುಂಡಿನ ಆರೈಕೆ. ಮದ್ದು ಕಾದರೆ ಗುಂಡಿನ ವೇಗ ಏರುತ್ತದೆ, ಗುರಿ ದಾಟಿ ಬೀಳುತ್ತದೆ. ಅದಕ್ಕೆ ತಾಡಪಾಲಿನ ನೆರಳಲ್ಲಿಟ್ಟು, ಥರ್ಮಾಮೀಟರ್ ಹಾಕಿ, ಎಷ್ಟು ಬಿಸಿಯಿದೆ ಅಂತ ಲೆಕ್ಕದವರಿಗೆ ತಿಳಿಸುತ್ತಿದ್ದೆವು. ಒಂದೇ ಲಾಟ್, ಅಂದರೆ ಒಂದೇ ಕಂತಿನಲ್ಲಿ ತಯಾರಾದವನ್ನು ಒಂದೇ ಕಡೆ ಜೋಡಿಸುವುದು, ತೂಕದ ಗುರುತು ನೋಡಿ ಬೇರೆ ಮಾಡುವುದು. ಹೊರಗಿನವರಿಗೆ ಇದೆಲ್ಲ ಮೂಟೆ ಹೊರುವ ಕೆಲಸದ ಹಾಗೆ ಕಾಣುತ್ತದೆ. ನನ್ನ ಪ್ರಕಾರ ಅರ್ಧ ಗುರಿ ಅಲ್ಲೇ ತೀರ್ಮಾನವಾಗಿರುತ್ತದೆ.

ಒಂದು ಸಲ ಗುಂಡು ಹಾರಲೇ ಇಲ್ಲ. “ಫೈರ್” ಅಂದ ಮೇಲೆ ಬರೀ ಮೌನ. ನಿಯಮದಷ್ಟು ಹೊತ್ತು ಬ್ರೀಚ್, ಅಂದರೆ ಗುಂಡು ತುಂಬುವ ಹಿಂಬಾಗಿಲು, ಮುಟ್ಟುವಂತಿಲ್ಲ, ತೋಪನ್ನು ಗುರಿಯಿಂದ ಕದಲಿಸುವಂತಿಲ್ಲ. ತೋಪಿನ ಆರೂ ಜನ ಕಾದೆವು. ಅಷ್ಟು ಉದ್ದದ ನಿಮಿಷಗಳನ್ನು ನಾನು ಮತ್ತೆ ಕಂಡಿಲ್ಲ.

ಕಾರ್ಗಿಲ್‌ನಲ್ಲಿ 1999ರಲ್ಲಿ ತೋಪು ನಡೆಸಿದ ಹಿರಿಯರು ಆಗ ನಮ್ಮ ಜೊತೆಗಿದ್ದರು. ಎತ್ತರದಲ್ಲಿ ಗಾಳಿ ತೆಳು, ಬಯಲಿನ ಲೆಕ್ಕಕ್ಕಿಂತ ಗುಂಡು ಮುಂದೆ ಹೋಗುತ್ತದೆ ಅನ್ನುವುದನ್ನು ನಾನು ಅವರ ಬಾಯಿಂದ ಕೇಳಿದ್ದು. ಆಯುಧಪೂಜೆಯ ದಿನ ತೋಪಿಗೆ ಕುಂಕುಮ ಇಡುವಾಗ ಅವರು ಕೈ ಮುಗಿಯುತ್ತಿದ್ದ ರೀತಿಯೇ ಬೇರೆ. ಆರ್ಟಿಲರಿಯವರಿಗೆ ತೋಪೇ ಧ್ವಜ.

ನಾನೇ ನಂಬರ್ ವನ್ ಆದ ಮೇಲೆ ಒಂದು ಫೈರಿಂಗ್‌ನಲ್ಲಿ ನನ್ನನ್ನು ಓಪಿಗೆ ಕಳಿಸಿದರು. ಓಪಿ ಅಂದರೆ ಗುರಿಯನ್ನು ಕಣ್ಣಾರೆ ನೋಡಿ ತಿದ್ದುಪಡಿ ಹೇಳುವ ಜಾಗ. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ರೇಡಿಯೋದಲ್ಲಿ “ಶಾಟ್”, ಅಂದರೆ ಗುಂಡು ಹಾರಿತು, ಅಂತ ಬಂತು. ನಾನು ಉಸಿರು ಹಿಡಿದು ಎಣಿಸತೊಡಗಿದೆ. ಇಪ್ಪತ್ತು ದಾಟಿದ ಮೇಲೆ ಎದುರಿನ ದಿಬ್ಬದಾಚೆ ಸದ್ದಿಲ್ಲದೆ ಕಂದು ಬಣ್ಣದ ಧೂಳು ಅರಳಿತು. ಆರು ಸೆಕೆಂಡಿನ ಮೇಲೆ ಸದ್ದು ಬಂತು, ಎರಡು ಕಿಲೋಮೀಟರ್ ದೂರ. ಸಾಹೇಬರು ಮುಂದಕ್ಕೊಂದು ಹಿಂದಕ್ಕೊಂದು ಬೀಳಿಸಿ, ಅಂತರವನ್ನು ಅರ್ಧರ್ಧ ಮಾಡುತ್ತ ಗುರಿಗೆ ತಂದರು. ಆಮೇಲೆ ಬ್ಯಾಟರಿಯ, ಅಂದರೆ ನಮ್ಮ ತುಕಡಿಯ, ಆರೂ ತೋಪು ಒಟ್ಟಿಗೆ. ನಮ್ಮ ತೋಪಿನದು ಯಾವುದು ಅಂತ ದುರ್ಬೀನಿನಲ್ಲಿ ಎಷ್ಟು ಹುಡುಕಿದರೂ ಗೊತ್ತಾಗಲಿಲ್ಲ.

ಸಂಜೆ ವಾಪಸ್ ಬಂದಾಗ ಹುಡುಗರು ಬ್ಯಾರೆಲ್ ಒರೆಸುತ್ತಿದ್ದರು. ನನ್ನ ಹಳೇ ಜಾಗದಲ್ಲಿ ಕೂತಿದ್ದ ಲೇಯರ್, ನಾನೇ ಕಲಿಸಿದವನು, ಬಿಹಾರದ ಹುಡುಗ, ಕೈಯ ಎಣ್ಣೆ ಒರೆಸಿಕೊಂಡು ಎದ್ದು ನಿಂತ. ಗುಂಡು ಎಲ್ಲಿ ಬಿತ್ತು ಅಂತ ಅವನು ಕೇಳುವ ಮೊದಲೇ ನಾನು ಕೇಳಿದೆ, ಗುಳ್ಳೆ ಎಲ್ಲಿತ್ತು?

“ಬೀಚ್ ಮೇ, ಉಸ್ತಾದ್” ಅಂದ. ನಡುವೆ.