ಬಗ್ಗಡವೇ ಗುರುತು: ಡ್ಯಾನ್ಯೂಬ್ ಇಂಗುವಲ್ಲಿಂದ ಆಖ್ ಬುಗ್ಗೆಯವರೆಗೆ

ದಕ್ಷಿಣ ಜರ್ಮನಿಯ ಇಮ್ಮೆಂಡಿಂಗೆನ್ ಬಳಿ ಡ್ಯಾನ್ಯೂಬ್ ಸುಣ್ಣಕಲ್ಲಿನೊಳಗೆ ಇಂಗಿ, ಸುಮಾರು 12 ಕಿ.ಮೀ. ಆಚೆ ಆಖ್ ಊರಿನಲ್ಲಿ ಬುಗ್ಗೆಯಾಗಿ ಏಳುತ್ತದೆ. ಅದೇ ಆಖ್ ಹೊಳೆಯ ಹುಟ್ಟು. ಅಲ್ಲಿಂದ ಬೋಡೆನ್ ಸರೋವರ, ರೈನ್, ಉತ್ತರ ಸಮುದ್ರ. ಸ್ಟುಟ್‌ಗಾರ್ಟ್ ಕಡೆಯ ನಮ್ಮವರು ಎರಡೂ ಜಾಗಗಳನ್ನು ಒಂದೇ ದಿನ ನೋಡಿ, ಫೋಟೊ ತೆಗೆದು ಬಂದುಬಿಡುತ್ತಾರೆ. ಮೇಲೆ ಇಂಗಿದ ನೀರನ್ನೇ ಕೆಳಗೆ ಕಾದು ನೋಡಬೇಕು ಎಂಬುದು ನನ್ನ ಹಟವಾಗಿತ್ತು. ಬಣ್ಣ ಹಾಕದೆ ಅದು ಆಗದ ಮಾತು ಎಂದವರೇ ಹೆಚ್ಚು. ಆದರೂ ಅದು ಆಯಿತು.

1877ರಲ್ಲಿ ಕಾರ್ಲ್ಸ್‌ರೂಹೆಯ ಭೂವಿಜ್ಞಾನಿ ಅಡಾಲ್ಫ್ ಕ್ನೋಪ್ ಡ್ಯಾನ್ಯೂಬ್ ಇಂಗುವಲ್ಲಿ 20 ಟನ್ ಉಪ್ಪು, 10 ಕಿಲೊ ಫ್ಲೋರೆಸಿನ್ ಎಂಬ ಹೊಳೆಯುವ ಬಣ್ಣ ಸುರಿದು, ಸುಮಾರು 60 ಗಂಟೆಗಳ ಬಳಿಕ ಹಸಿರು ಹೊಳಪಿನ ಉಪ್ಪುನೀರನ್ನು ಬುಗ್ಗೆಯಲ್ಲಿ ಕಂಡರು. ಇವತ್ತು ಅನುಮತಿಯಿಲ್ಲದೆ ಒಂದು ಚಮಚ ಬಣ್ಣ ಹಾಕಿದರೂ ದಂಡ ಕಟ್ಟಬೇಕಾದೀತು. ನಾನು ನೆಚ್ಚಿಕೊಂಡಿದ್ದು ಡ್ಯಾನ್ಯೂಬ್ ಹುಟ್ಟುವ ಬ್ಲ್ಯಾಕ್ ಫಾರೆಸ್ಟ್‌ನ ಗುಡುಗುಮಳೆಯ ಬಗ್ಗಡವನ್ನು. ಅದಕ್ಕೆ ಅನುಮತಿ ಬೇಡ, ದುಡ್ಡೂ ಬೇಡ.

ಮೊದಲು ನೀರಿನಲ್ಲಿ ಕರಗಿದ ಲವಣ ಅಳೆಯುವ 15 ಯೂರೋದ ಟಿಡಿಎಸ್ ಮೀಟರ್ ಹಿಡಿದೆ. ಪ್ರಯೋಜನವಾಗಲಿಲ್ಲ. ಎರಡೂ ಕಡೆ ಗಡಸು ನೀರು, ಉಷ್ಣತೆ ಬದಲಾದಂತೆ ಅಂಕಿಯೂ ಅಲುಗುತ್ತದೆ, ವ್ಯತ್ಯಾಸವೆಲ್ಲ ಮೀಟರಿನ ತಪ್ಪಿನೊಳಗೇ ಮುಳುಗಿಹೋಗುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಅದಕ್ಕಿಂತ ಕಡೆ: ಮೇಲ್ಮೈಯನ್ನಷ್ಟೇ ಓದುತ್ತದೆ. ಕೊನೆಗೆ ಕೈಹಿಡಿದದ್ದು ಒಂದು ಮೀಟರ್ ಉದ್ದ, 40 ಮಿ.ಮೀ. ಒಳವ್ಯಾಸದ ಅಕ್ರಿಲಿಕ್ ಕೊಳವೆ. ತಳಕ್ಕೆ ರಬ್ಬರ್ ಬಿರಡೆ, ಅದರ ಮೇಲೆ ಕಪ್ಪು ಅಡ್ಡಗೆರೆ, ಪಕ್ಕಕ್ಕೆ ಅಂಟಿಸಿದ ಟೇಪು. ಒಟ್ಟು ಮೂವತ್ತು ಯೂರೋದ ಒಳಗೆ. ನೀರು ಹೊಯ್ಯುತ್ತಾ ಹೋಗಿ ಗೆರೆ ಮರೆಯಾದ ಎತ್ತರವನ್ನು ಬರೆದುಕೊಳ್ಳುವುದು, ಅಷ್ಟೇ. ಬಿರಡೆಯನ್ನು ಅಂಟಿನಿಂದ ಕೂರಿಸಬೇಡಿ. ತಣ್ಣೀರಿಗೆ ಅಂಟು ಬಿಟ್ಟು ಸೋರುತ್ತದೆ. ಹೊರಗಿನಿಂದ ಹೋಸ್ ಕ್ಲಿಪ್ ಬಿಗಿದರೆ ಸಾಕು. ಬಿಸಿಲಿಗೆ ಬೆನ್ನು ಹಾಕಿ, ನಿಮ್ಮ ನೆರಳಿನಲ್ಲೇ ಓದಿ. ಎರಡೂ ಕಡೆ ಒಬ್ಬರೇ ಓದಬೇಕು, ಕನ್ನಡಕವೂ ಅದೇ ಇರಬೇಕು. ಗಾಳಿಗುಳ್ಳೆ ಏಳುವಂತೆ ಹೊಯ್ದರೆ ಹತ್ತು ಸೆಂ.ಮೀ. ತಪ್ಪು ಓದು ಖಂಡಿತ. ನೀರನ್ನು ಹರಿವಿನಿಂದಲೇ ಮೊಗೆಯಿರಿ. ದಡದ ಕೆಸರು ಕದಡಿದರೆ ಲೆಕ್ಕವೇ ಹೋಯಿತು.

ದಿನ ಆರಿಸುವುದೇ ಅರ್ಧ ಕೆಲಸ. ಸ್ಟುಟ್‌ಗಾರ್ಟಿನ ಹವಾಮಾನ ಇಲ್ಲಿ ಲೆಕ್ಕಕ್ಕಿಲ್ಲ. ಫುರ್ಟ್‌ವಾಂಗೆನ್, ಫಿಲ್ಲಿಂಗೆನ್ ಎಂಬ ಬ್ಲ್ಯಾಕ್ ಫಾರೆಸ್ಟ್ ಊರುಗಳ ಕಡೆ ಮಳೆ ಬಿದ್ದು, ಆಖ್ ಇರುವ ಹೆಗಾವ್ ಪ್ರದೇಶ ಒಣಗಿರಬೇಕು. ಬುಗ್ಗೆಯ ನೀರಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಡ್ಯಾನ್ಯೂಬಿನದು, ಉಳಿದದ್ದು ಸುತ್ತಲ ಮಳೆಯದು. ಅಲ್ಲೂ ಮಳೆ ಸುರಿದರೆ ಯಾವ ಬಗ್ಗಡ ಯಾರದೆಂದು ಹೇಳುವವರಿಲ್ಲ. ರಾಡಾರ್ ನೋಡಿ, ಆಮೇಲೆ ಇಮ್ಮೆಂಡಿಂಗೆನ್‌ಗೆ ಮೇಲಿರುವ ಕಿರ್ಖೆನ್-ಹೌಸೆನ್‌ನ ನದಿಹರಿವಿನ ಮಾಪಕದ ಗೆರೆ ನೋಡಿ. ಪ್ರವಾಹ ಜೋರಾದರೆ ಬಹುಪಾಲು ನೀರು ಇಂಗದೆ ಕೆಳಗಿನ ಮ್ಯೋರಿಂಗೆನ್ ಊರು ದಾಟಿ ಮುಂದೆ ಹೋಗಿಬಿಡುತ್ತದೆ. ತೀರಾ ಕಡಿಮೆಯಾದರೆ ಬಗ್ಗಡವೇ ಬರುವುದಿಲ್ಲ. ನಡುವಿನ ಆ ಅಂಕಿ ಎಷ್ಟೆಂದು ನಾನು ಹೇಳುವುದಿಲ್ಲ, ಎರಡು ಬೇಸಿಗೆ ಕಳೆದು ಕಂಡುಕೊಂಡದ್ದು.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಬುಗ್ಗೆಯ ಹರಿವು ಏರಿತೆಂದರೆ ನಿಮ್ಮ ನೀರು ಬಂತು ಎಂದಲ್ಲ. ನೀರು ತುಂಬಿದ ಸುರಂಗಗಳಲ್ಲಿ ಒತ್ತಡ ಮೊದಲು ತಲುಪುತ್ತದೆ, ಹಳೆಯ ತಿಳಿನೀರು ಮುಂದೆ ತಳ್ಳಿಸಿಕೊಂಡು ಬರುತ್ತದೆ. ಬಗ್ಗಡ ಅದರ ಹಿಂದೆ. ಮಾಪಕ ಏರಿದ್ದು ನೋಡಿ ಓಡಿಹೋದವರು ತಿಳಿನೀರಿನ ಫೋಟೊ ತೆಗೆದು, ಇದೆಲ್ಲ ಸುಳ್ಳು ಎಂದು ವಾಪಸಾಗುತ್ತಾರೆ.

ನನ್ನ ಲೆಕ್ಕ: ಶುಕ್ರವಾರ ಬೆಳಗ್ಗೆ ಏಳರ ಹೊತ್ತಿಗೆ ಇಮ್ಮೆಂಡಿಂಗೆನ್, ಭಾನುವಾರ ಸಂಜೆ ಏಳಕ್ಕೆ ಆಖ್. ಬೇಸಿಗೆಯಲ್ಲಿ ಆಗಲೂ ಬೆಳಕಿರುತ್ತದೆ. ಮಧ್ಯೆ ಶನಿವಾರ ಒಮ್ಮೆ ಬುಗ್ಗೆಗೆ ಹೋಗಿ ತಿಳಿನೀರಿನ ಓದು ತೆಗೆದುಕೊಳ್ಳಲೇಬೇಕು, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಶನಿವಾರ ಕೊಳವೆ ತುಂಬಿದರೂ ಗೆರೆ ಸ್ಪಷ್ಟ. ಭಾನುವಾರ 60 ಸೆಂ.ಮೀ. ಆಸುಪಾಸಿನಲ್ಲಿ ಮಾಯ. ನದಿಯಲ್ಲಿ ಅದು 15ರ ಹತ್ತಿರ ಇತ್ತು ಎಂದು ನೆನಪು. 60 ಗಂಟೆಗೆ 12 ಕಿ.ಮೀ. ಎಂದರೆ ಗಂಟೆಗೆ 200 ಮೀಟರ್. ಅರ್ಧ ದಿನ ಆಚೀಚೆ ಆಗಬಹುದು, ನೀರು ಕಡಿಮೆಯಿದ್ದರೆ ಇನ್ನೂ ತಡ. ಮಬ್ಬಿನಲ್ಲಿ ಮೊಗೆದ ನೀರನ್ನು ಬಿಳಿ ಕಾಗದದ ಮುಂದೆ ಓದುವ ಉಪಾಯವೊಂದಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಖರ್ಚಿನ ಮಾತು. ಬಾಡಿಗೆ ಕಾರಿಗೆ ಪೆಟ್ರೋಲ್ ಸೇರಿ ದಿನಕ್ಕೆ 90 ಯೂರೋ ಹತ್ತಿರ ಆಯಿತು. ಮೂರು ದಿನಕ್ಕೆ ಅದು ಶುದ್ಧ ದಂಡ. 2025ರಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ತಿಂಗಳಿಗೆ 58 ಯೂರೋ ಇತ್ತು. ಸ್ಥಳೀಯ ರೈಲು, ಬಸ್ಸುಗಳಲ್ಲಿ ಎಷ್ಟು ಸಲ ಬೇಕಾದರೂ ಓಡಾಡಿ, ಐಸಿಇಯಂಥ ದೂರದ ವೇಗದ ರೈಲು ಮಾತ್ರ ಹತ್ತುವಂತಿಲ್ಲ. ಭಾನುವಾರ ಸಂಜೆ ಬಸ್ಸನ್ನು ನಂಬಬೇಡಿ. ಮಡಚುವ ಸೈಕಲ್ಲನ್ನು ರೈಲಿನಲ್ಲಿ ಲಗೇಜಿನಂತೆ ಪುಕ್ಕಟೆ ಒಯ್ಯಬಹುದು. ಹಳೆಯದೊಂದು 120ಕ್ಕೆ ಸಿಕ್ಕಿತು. ಆಖ್‌ಗೆ ಬರುವಾಗ ಎಂಗೆನ್‌ನಲ್ಲಿ ಇಳಿಯಿರಿ, ವಾಪಸ್ ಹೋಗುವಾಗ ಹೊಳೆಯ ಜೊತೆಗೇ ಫೋಲ್ಕರ್ಟ್ಸ್‌ಹೌಸೆನ್ ಮೂಲಕ ಜಿಂಗೆನ್‌ಗೆ. ಎರಡೂ ಕಡೆ ಒಟ್ಟಾರೆ ಇಳಿಜಾರು.

ತೀರ್ಥವೆಂದು ಬಾಟಲಿ ತುಂಬುವವರಿಗೆ: ಸುಣ್ಣಕಲ್ಲಿನ ಬಿರುಕು ನೀರನ್ನು ಸೋಸುವುದಿಲ್ಲ. ಅದು ಎರಡೂವರೆ ದಿನದ ಹಿಂದಿನ ನದಿನೀರೇ. ಪೂಜೆಗೆ ಇಟ್ಟುಕೊಳ್ಳಿ, ಕುಡಿಯಬೇಡಿ.

ಇದೇ ಕೊಳವೆ ಹಿಡಿದು ಬ್ಲೌಬೊಯ್ರೆನ್‌ನ ಬ್ಲೌಟಾಪ್ಫ್‌ಗೂ ಹೋಗಿದ್ದೆ. 21 ಮೀಟರ್ ಆಳದ ನೀಲಿ ಬುಗ್ಗೆ, ನಿಲ್ದಾಣದಿಂದ ನಡೆದೇ ಹೋಗಬಹುದು. ಅಲ್ಲಿ ಈ ಆಟ ನಡೆಯುವುದಿಲ್ಲ. ಡ್ಯಾನ್ಯೂಬಿನಂತೆ ನೀರು ಇಳಿಯುವುದನ್ನು ನಿಂತು ನೋಡಬಲ್ಲ ಒಂದೇ ಬಾಯಿ ಅದಕ್ಕಿಲ್ಲ, ಇಡೀ ಪ್ರಸ್ಥಭೂಮಿಯ ಮಳೆ ಒಳಗಿಳಿದು ಬರುತ್ತದೆ. ಜೋರು ಮಳೆಯಾದರೆ ನೀಲಿ ಹೋಗಿ ಕಂದು. ಅದಕ್ಕೆ ಮಳೆಯಿಲ್ಲದ ವಾರವೇ ಸರಿ, ಜೊತೆಗೆ ಕ್ಯಾಮೆರಾಗೆ ನೀರಿನ ಮೇಲಿನ ಹೊಳಪು ತಗ್ಗಿಸುವ ಪೋಲರೈಸಿಂಗ್ ಫಿಲ್ಟರ್.